ಹಂಪಿಯ ಗಣ್ಯರ ಅರಮನೆಗಳು

ಹಂಪಿಯ ಗಣ್ಯರ ಅರಮನೆಗಳು ವಿಜಯನಗರ ಸಾಮ್ರಾಜ್ಯದ ರಾಜಧಾನಿಯಲ್ಲಿ ರಾಜಬಂಧುಗಳು, ದಂಡನಾಯಕರು, ಅಮರನಾಯಕರು ಹಾಗೂ ಉನ್ನತ ಅಧಿಕಾರಿಗಳು ವಾಸಿಸುತ್ತಿದ್ದ ನಿವಾಸಗಳೆಂದು ಗುರುತಿಸಲಾದ ಅವಶೇಷಗಳ ಸಮೂಹ. ಇವು ಕರ್ನಾಟಕದ ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನಲ್ಲಿ, ಕಮಲಾಪುರದ ಸಮೀಪದ ರಾಜಕೇಂದ್ರದ ಪಶ್ಚಿಮ ಭಾಗದಲ್ಲಿವೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ನಡೆದ ಉತ್ಖನನಗಳಿಂದ ಇವು ಬೆಳಕಿಗೆ ಬಂದವು. ಮರ, ಮಣ್ಣು, ಇಟ್ಟಿಗೆಗಳಿಂದ ಕಟ್ಟಿದ್ದ ಮೇಲಿನ ಭಾಗಗಳು ಸಂಪೂರ್ಣವಾಗಿ ನಾಶವಾಗಿ, ಇಂದು ಕಲ್ಲಿನ ಅಧಿಷ್ಠಾನ, ಮೆಟ್ಟಿಲು, ಕಂಬದ ಪಾದಗಲ್ಲು ಹಾಗೂ ಗಾರೆ ನೆಲಗಳಷ್ಟೇ ಉಳಿದಿವೆ. ಹಂಪಿಯಲ್ಲಿ ಇಂದು ಎದ್ದು ಕಾಣುವ ಕಟ್ಟಡಗಳಲ್ಲಿ ಹೆಚ್ಚಿನವು ದೇವಾಲಯಗಳು, ಮಂಟಪಗಳು ಅಥವಾ ಆಸ್ಥಾನದ ವಿಶೇಷ ಕಟ್ಟಡಗಳು. ರಾಜಧಾನಿಯ ಪ್ರಬಲರು ವಾಸಿಸಿದ ಮನೆಗಳ ಸ್ವರೂಪವನ್ನು ತಿಳಿಯಲು ಈ ತಗ್ಗಾದ ಕಲ್ಲುಕಟ್ಟೆಗಳೇ ಮುಖ್ಯ ಆಧಾರ.

ಹೆಸರು

ಈ ನಿವಾಸಗಳ ಮೂಲ ಹೆಸರುಗಳು ಬಳಕೆಯಲ್ಲಿ ಉಳಿದಿಲ್ಲ. ಪುರಾತತ್ತ್ವ ವರದಿಗಳಲ್ಲಿ ಈ ಪ್ರದೇಶವನ್ನು ‘ನೋಬಲ್‌ಮೆನ್ಸ್ ಕ್ವಾರ್ಟರ್’ ಎಂದು ಕರೆಯಲಾಗಿದೆ. ‘ಗಣ್ಯರ ಅರಮನೆಗಳು’ ಎಂಬುದು ಅದಕ್ಕೆ ಸಮಾನವಾದ ಕನ್ನಡ ಹೆಸರು. ದೇವಾಲಯಕ್ಕೆ ದತ್ತಿ ನೀಡಿದವರು ಶಿಲಾಶಾಸನ ಹಾಕಿಸುತ್ತಿದ್ದರು. ವಾಸದ ಮನೆಗೆ ಹಾಗೆ ಶಾಸನ ಬರೆಸುವ ವಾಡಿಕೆ ಇರಲಿಲ್ಲ. ಆದ್ದರಿಂದ ಒಂದೊಂದು ಅಧಿಷ್ಠಾನವನ್ನೂ ಇಂತಹ ಮಂತ್ರಿಯದು, ಇಂತಹ ನಾಯಕನದು ಎಂದು ಹೆಸರಿಸದೆ, ಕಟ್ಟಡದ ವಿಸ್ತಾರ ಮತ್ತು ಸ್ಥಾನವನ್ನು ಆಧರಿಸಿ ‘ಅರಮನೆ’ ಎಂದಷ್ಟೇ ಗುರುತಿಸಲಾಗುತ್ತದೆ.

ಹಂಪಿಯ ಇತರ ಕಟ್ಟಡಗಳ ಹೆಸರುಗಳ ವಿಷಯದಲ್ಲೂ ಎಚ್ಚರ ಅಗತ್ಯ. ‘ರಾಣಿಯ ಸ್ನಾನಗೃಹ’, ‘ಜನಾನಾ ಆವರಣ’, ‘ಟಂಕಸಾಲೆ’, ‘ದಣ್ಣಾಯಕನ ಆವರಣ’ ಮುಂತಾದ ಹೆಸರುಗಳು ನಗರ ಪಾಳುಬಿದ್ದ ನಂತರ ರೂಢಿಗೆ ಬಂದವು. ಅವು ಕಟ್ಟಡಗಳನ್ನು ಗುರುತಿಸಲು ಅನುಕೂಲವಾಗಿವೆಯೇ ಹೊರತು ಅವುಗಳ ಮೂಲ ಉಪಯೋಗಕ್ಕೆ ಸಾಕ್ಷಿಯಲ್ಲ.

ಐತಿಹಾಸಿಕ ಹಿನ್ನೆಲೆ

ವಿಜಯನಗರವು 1336ರಲ್ಲಿ ಸ್ಥಾಪನೆಯಾಯಿತೆಂಬುದು ಸಾಂಪ್ರದಾಯಿಕ ಎಣಿಕೆ. ತುಂಗಭದ್ರಾ ನದಿಯ ದಕ್ಷಿಣ ದಡದಲ್ಲಿ ದೇವಾಲಯಗಳ ಪವಿತ್ರ ಕ್ಷೇತ್ರವೂ, ಅದರ ದಕ್ಷಿಣಕ್ಕೆ ಕಾಲುವೆ ಮತ್ತು ಗದ್ದೆಗಳ ಬಯಲೂ, ಅದರಾಚೆಗೆ ಕೋಟೆಯಿಂದ ಸುತ್ತುವರಿದ ನಗರಭಾಗವೂ ಬೆಳೆದವು. ಈ ನಗರಭಾಗದ ನೈರುತ್ಯದಲ್ಲಿ ಅರಸರ ವಾಸ, ಆಡಳಿತ ಹಾಗೂ ಉತ್ಸವಗಳಿಗೆ ಮೀಸಲಾದ ರಾಜಕೇಂದ್ರವಿತ್ತು. 15ನೆಯ ಶತಮಾನದ ಆರಂಭದಲ್ಲಿ ಕಟ್ಟಲಾದ ಹಜಾರರಾಮ ದೇವಾಲಯ ಇದರ ನಡುವೆ ಇದೆ.

ಸಾಮ್ರಾಜ್ಯದ ಆಡಳಿತದಲ್ಲಿ ಅಮರನಾಯಕರಿಗೆ ಪ್ರಮುಖ ಸ್ಥಾನವಿತ್ತು. ಅರಸನು ಇವರಿಗೆ ಭೂಪ್ರದೇಶಗಳನ್ನು ಅಮರವಾಗಿ ಕೊಡುತ್ತಿದ್ದನು. ಅದರ ಆದಾಯದಲ್ಲಿ ಇವರು ಗೊತ್ತುಪಡಿಸಿದ ಸಂಖ್ಯೆಯ ಸೈನ್ಯವನ್ನು ಸಾಕಬೇಕಾಗಿತ್ತು ಮತ್ತು ಅರಸನಿಗೆ ನಿಗದಿತ ಕಪ್ಪವನ್ನು ಸಲ್ಲಿಸಬೇಕಾಗಿತ್ತು. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್ ರಾಜ್ಯವು ಇನ್ನೂರಕ್ಕಿಂತ ಹೆಚ್ಚು ನಾಯಕರ ನಡುವೆ ಹಂಚಿಹೋಗಿತ್ತೆಂದು ಹೇಳುತ್ತಾನೆ. ಸಾಳ್ವ ನಾಯಕನೆಂಬ ಪ್ರಮುಖನಿಗೆ 11 ಲಕ್ಷ ಚಿನ್ನದ ಪರ್ದಾವೊ (ವರಹ) ಆದಾಯವಿತ್ತೆಂದೂ, ಅದರಲ್ಲಿ ಮೂರನೆಯ ಒಂದು ಭಾಗ ಅರಸನಿಗೆ ಸಲ್ಲುತ್ತಿತ್ತೆಂದೂ, ಉಳಿದುದರಲ್ಲಿ ಆತ 30,000 ಕಾಲಾಳು, 3,000 ಕುದುರೆ ಹಾಗೂ 30 ಆನೆಗಳನ್ನು ಸಾಕಬೇಕಾಗಿತ್ತೆಂದೂ ಅವನ ಬರಹದಲ್ಲಿದೆ.

ನಾಯಕರ ಆದಾಯದ ಭೂಮಿ ದೂರದ ಸೀಮೆಗಳಲ್ಲಿದ್ದರೂ ಅವರ ಅಧಿಕಾರ ನಿಂತಿದ್ದುದು ಅರಸನ ಪ್ರಸನ್ನತೆಯ ಮೇಲೆ. ಆದ್ದರಿಂದ ರಾಜಧಾನಿಯಲ್ಲಿ ಅವರಿಗಾಗಲಿ ಅವರ ಪ್ರತಿನಿಧಿಗಳಿಗಾಗಲಿ ನೆಲೆ ಇರುವುದು ಅಗತ್ಯವಾಗಿತ್ತು. ಮಹಾನವಮಿಯ ಸಂದರ್ಭದಲ್ಲಿ ಅವರು ರಾಜಧಾನಿಯಲ್ಲಿ ಸೇರಿ ಕಪ್ಪವನ್ನು ಸಲ್ಲಿಸುತ್ತಿದ್ದರು. ಇದೇ ಕಾಲದ ಫ್ರಾನ್ಸ್ ದೇಶದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕೃಷ್ಣದೇವರಾಯನ ಆಳ್ವಿಕೆಯ (1509–1529) ವರ್ಷಗಳಲ್ಲಿಯೇ ಅಲ್ಲಿನ ಲೊಆರ್ ನದಿಯ ಸೀಮೆಯಲ್ಲಿ ಅರಸನ ಹಣಕಾಸಿನ ಅಧಿಕಾರಿಯೊಬ್ಬನು ಶೆನೋನ್ಸೊ ಎಂಬ ಹಳ್ಳಿಗಾಡಿನ ಸೌಧವನ್ನು ಕಲ್ಲಿನಲ್ಲಿ ಕಟ್ಟಿಸಿದನು. ಅಲ್ಲಿ ಗಣ್ಯರ ಪ್ರತಿಷ್ಠೆ ಅವರ ಸ್ವಂತ ಜಮೀನಿನ ನಡುವಣ ಮನೆಯಲ್ಲಿ ಕಾಣಿಸಿಕೊಂಡಿತು. ವಿಜಯನಗರದಲ್ಲಿ ಅದು ರಾಜಧಾನಿಯ ಮನೆಯಲ್ಲಿಯೂ ಸ್ವಂತ ಸೀಮೆಯ ದೇವಾಲಯಗಳಿಗೆ ನೀಡಿದ ದತ್ತಿಯಲ್ಲಿಯೂ ಕಾಣಿಸಿಕೊಂಡಿತು. ಶೆನೋನ್ಸೊ ಇಂದಿಗೂ ಮಾಳಿಗೆಸಹಿತ ನಿಂತಿದೆ. ಹಂಪಿಯ ಗಣ್ಯರ ಮನೆಗಳು ನೆಲಗಟ್ಟಿನ ಮಟ್ಟಕ್ಕೆ ಇಳಿದಿವೆ. ಇದಕ್ಕೆ 1565ರ ಲೂಟಿಯ ಜೊತೆಗೆ ಕಟ್ಟಡಸಾಮಗ್ರಿಯ ಆಯ್ಕೆಯೂ ಕಾರಣ.

ವಾಸ್ತುಶಿಲ್ಪ

ತಳವಿನ್ಯಾಸ

ಅರಮನೆಗಳ ಗಾತ್ರದಲ್ಲಿ ವ್ಯತ್ಯಾಸವಿದ್ದರೂ ತಳವಿನ್ಯಾಸದಲ್ಲಿ ಒಂದೇ ಮಾದರಿ ಮತ್ತೆ ಮತ್ತೆ ಕಾಣಿಸುತ್ತದೆ. ಆಯತಾಕಾರದ ಅಥವಾ ಚೌಕಾಕಾರದ ಜಗತಿಯು ಎರಡು, ಮೂರು ಅಥವಾ ನಾಲ್ಕು ಹಂತಗಳಲ್ಲಿ ಹಿಂದಕ್ಕೆ ಹೋದಂತೆ ಎತ್ತರವಾಗುತ್ತದೆ. ಮುಂಭಾಗದ ತಗ್ಗಿನ ಅಂಗಳವನ್ನು ಮೂರು ಕಡೆಗಳಿಂದ ಎತ್ತರದ ಜಗತಿಗಳು ಸುತ್ತುವರಿದಿರುವುದರಿಂದ ಕಟ್ಟಡವು ಇಂಗ್ಲಿಷಿನ ‘ಯು’ ಅಕ್ಷರದ ಆಕಾರವನ್ನು ಪಡೆಯುತ್ತದೆ. ತೆರೆದ ಬದಿ ಸಾಮಾನ್ಯವಾಗಿ ಪೂರ್ವಕ್ಕೆ ಅಥವಾ ಉತ್ತರಕ್ಕೆ ಇರುತ್ತದೆ.

ಮೆಟ್ಟಿಲುಗಳು ಮಧ್ಯದ ಅಕ್ಷದ ಮೇಲೆ ಒಂದರ ಹಿಂದೊಂದು ಬರುತ್ತವೆ. ಬಂದವರು ಅಂಗಳದಿಂದ ಮೊದಲ ಜಗುಲಿಗೆ, ಅಲ್ಲಿಂದ ಪಡಸಾಲೆಗೆ, ಕೊನೆಗೆ ಒಳಗಿನ ಕೋಣೆಗಳಿಗೆ ಏರುತ್ತ ಹೋಗಬೇಕು. ಈ ಏರಿಕೆ ಮನೆಯ ಸಾರ್ವಜನಿಕ ಭಾಗವನ್ನು ಖಾಸಗಿ ಭಾಗದಿಂದ ಬೇರ್ಪಡಿಸುತ್ತದೆ. ಮನೆಯ ಯಜಮಾನನ ಸ್ಥಾನ ಹಿಂಭಾಗದ ಅತಿ ಎತ್ತರದ ಹಂತದಲ್ಲಿತ್ತೆಂಬ ಊಹೆಗೆ ಈ ವಿನ್ಯಾಸವೇ ಆಧಾರ. ಅರಸರ ಆವರಣದಲ್ಲಿರುವ ಅತಿ ದೊಡ್ಡ ಅಧಿಷ್ಠಾನಗಳಲ್ಲಿಯೂ ಇದೇ ಕ್ರಮ ಕಾಣಿಸುವುದರಿಂದ, ಗಣ್ಯರು ಅರಮನೆಯ ಮಾದರಿಯನ್ನೇ ಚಿಕ್ಕ ಅಳತೆಯಲ್ಲಿ ಅನುಸರಿಸಿದರೆಂದು ಹೇಳಬಹುದು.

ಅಧಿಷ್ಠಾನ

ಜಗತಿಗಳ ಒಳಭಾಗವನ್ನು ಮಣ್ಣು ಮತ್ತು ಕಲ್ಲುಚೂರುಗಳಿಂದ ತುಂಬಿ, ಹೊರಮೈಗೆ ಕಣಶಿಲೆಯ ಹಾಸುಗಳನ್ನು ಕೂಡಿಸಲಾಗಿದೆ. ಈ ಹಾಸುಗಳಲ್ಲಿ ದೇವಾಲಯದ ಅಧಿಷ್ಠಾನದಂತೆಯೇ ಒಂದರ ಮೇಲೊಂದು ಪಟ್ಟಿಕೆಗಳನ್ನು ಕಡೆಯಲಾಗಿದೆ. ಕೆಲವೆಡೆ ನುಣುಪಾದ ಹಸಿರುಗಪ್ಪು ಬಳಪದ ಕಲ್ಲನ್ನು ಬಳಸಲಾಗಿದೆ. ಮೆಟ್ಟಿಲುಗಳ ಎರಡೂ ಬದಿಗಳಲ್ಲಿ ಬಾಗಿದ ಕೈಪಿಡಿಗಲ್ಲುಗಳಿವೆ. ನೆಲಕ್ಕೆ ದಪ್ಪನಾಗಿ ಗಾರೆ ಬಳಿದು ನಯಗೊಳಿಸಲಾಗಿತ್ತು.

ಕಂಬಗಳು

ಜಗತಿಯ ಮೇಲೆ ಸಮಾನ ಅಂತರದಲ್ಲಿ ಚೌಕಾಕಾರದ ಪಾದಗಲ್ಲುಗಳು ಕಂಡುಬರುತ್ತವೆ. ಇವುಗಳ ಮೇಲೆ ಮರದ ಕಂಬಗಳು ನಿಂತಿದ್ದವು. ಪಾದಗಲ್ಲುಗಳ ಸಾಲನ್ನು ಗಮನಿಸಿದರೆ ಎಲ್ಲಿ ಪಡಸಾಲೆ ತೆರೆದಿತ್ತು, ಎಲ್ಲಿ ಕೋಣೆಗಳಿದ್ದವು ಎಂಬುದನ್ನು ತಿಳಿಯಬಹುದು. ಈ ವಿಧಾನದ ಅತ್ಯುತ್ತಮ ನಿದರ್ಶನ ಅರಸರ ಆವರಣದ ಸಭಾಮಂಟಪದ ಅಧಿಷ್ಠಾನ. ಅಲ್ಲಿ ಸಾಲಿಗೆ 10ರಂತೆ 10 ಸಾಲುಗಳಲ್ಲಿ 100 ಕಂಬಗಳ ನೆಲೆ ಗುರುತಿಸಲಾಗಿದೆ. ಪಕ್ಕದಲ್ಲಿರುವ ಕಲ್ಲಿನ ಮೆಟ್ಟಿಲು ಈಗ ಎಲ್ಲಿಗೂ ತಲುಪುವುದಿಲ್ಲ. ಮೇಲೊಂದು ಅಂತಸ್ತು ಇತ್ತೆಂಬುದಕ್ಕೆ ಅದೇ ಸಾಕ್ಷಿ.

ಗೋಡೆ ಮತ್ತು ಮಾಳಿಗೆ

ಕೋಣೆಗಳ ಗೋಡೆಗಳು ಕಲ್ಲುಚೂರು, ಮಣ್ಣು ಹಾಗೂ ಇಟ್ಟಿಗೆಗಳಿಂದ ಕಟ್ಟಲ್ಪಟ್ಟು ಗಾರೆಯ ಲೇಪವನ್ನು ಹೊಂದಿದ್ದವು. ಮಾಳಿಗೆ ಮರದ ತೊಲೆಗಳ ಮೇಲೆ ನಿಂತಿತ್ತು. ಮೇಲ್ಭಾಗದ ರೂಪವನ್ನು ಊಹಿಸಲು ಶಿಲ್ಪಗಳು ನೆರವಾಗುತ್ತವೆ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ಕಡೆದಿರುವ ರಾಮಾಯಣದ ಪಟ್ಟಿಕೆಗಳಲ್ಲಿ ದಶರಥನ ಆಸ್ಥಾನವೇ ಮೊದಲಾದ ದೃಶ್ಯಗಳು ಕಂಬಗಳುಳ್ಳ ಮಂಟಪಗಳಲ್ಲಿ ನಡೆಯುತ್ತವೆ. ಶಿಲ್ಪಿಗಳು ತಾವು ಕಂಡ ಅರಮನೆಗಳನ್ನೇ ಅಯೋಧ್ಯೆಯಲ್ಲಿ ಕಡೆದರೆಂದು ಭಾವಿಸಲು ಅವಕಾಶವಿದೆ.

ಆವರಣ

ಅರಮನೆಯ ಸುತ್ತ ಚಿಕ್ಕ ಅಂಗಳಗಳು, ಸೇವಕರ ಮತ್ತು ಉಗ್ರಾಣದ ಕೋಣೆಗಳು, ಸ್ನಾನದ ಸ್ಥಳಗಳು, ಇಕ್ಕಟ್ಟಾದ ಓಣಿಗಳು ಇವೆ. ಇವೆಲ್ಲವನ್ನೂ ಒಳಗೊಂಡಂತೆ ಹೊರಗೋಡೆ ಸುತ್ತುವರಿಯುತ್ತದೆ. ಬಾಗಿಲಿನಿಂದ ನೇರವಾಗಿ ಒಳಾಂಗಣ ಕಾಣದಂತೆ ದಾರಿಯನ್ನು ಒಂದೆರಡು ಕಡೆ ತಿರುಗಿಸಿರುವುದು ರಾಜಕೇಂದ್ರದ ಆವರಣಗಳ ಸಾಮಾನ್ಯ ಲಕ್ಷಣ. ಕೆಲವು ಅರಮನೆಗಳ ಸಮೀಪದಲ್ಲಿ ಚಿಕ್ಕ ಗುಡಿಗಳೂ ಇವೆ.

ನೀರಿನ ವ್ಯವಸ್ಥೆ

ರಾಜಕೇಂದ್ರಕ್ಕೆ ಕಮಲಾಪುರದ ಕೆರೆಯಿಂದಲೂ ಕಾಲುವೆಗಳಿಂದಲೂ ನೀರು ಬರುತ್ತಿತ್ತು. ಎತ್ತರದ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ಮಾಡಿದ ಮೇಲ್ಗಾಲುವೆಗಳನ್ನು ಅರಸರ ಆವರಣದಲ್ಲಿ ಈಗಲೂ ನೋಡಬಹುದು. 1980ರ ದಶಕದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಗೂ ಇಂತಹ ಮೇಲ್ಗಾಲುವೆಯ ಮೂಲಕವೇ ನೀರು ಹರಿಯುತ್ತಿತ್ತು. ವಿಜಯನಗರ ಕಾಲದ ಕೆಲವು ಕಾಲುವೆಗಳು ಇಂದಿಗೂ ಹಂಪಿ, ಕಮಲಾಪುರ ಸುತ್ತಲಿನ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿವೆ.

ದಿನಬಳಕೆಯ ವಸ್ತುಗಳು

ಗಣ್ಯರ ಅರಮನೆಗಳ ಉತ್ಖನನದಲ್ಲಿ ಅತಿ ಹೆಚ್ಚು ದೊರೆತಿರುವುದು ಮಣ್ಣಿನ ಪಾತ್ರೆಗಳ ಚೂರುಗಳು. ಅಮೆರಿಕದ ಪುರಾತತ್ತ್ವಜ್ಞೆ ಕಾರ್ಲಾ ಸಿನೊಪೊಲಿ ಇವುಗಳನ್ನು ವಿಂಗಡಿಸಿ ವಿಸ್ತಾರವಾದ ಅಧ್ಯಯನ ನಡೆಸಿದರು. ಅಡುಗೆಯ ಗಡಿಗೆಗಳು, ನೀರಿನ ಕೊಡಗಳು ಹಾಗೂ ಬಟ್ಟಲುಗಳು ಇವುಗಳಲ್ಲಿ ಮುಖ್ಯವಾದವು. ಪಾತ್ರೆಗಳ ಬಗೆಗಳು ಎಲ್ಲಿ ಎಷ್ಟು ದೊರೆತವು ಎಂಬುದನ್ನು ಲೆಕ್ಕಹಾಕಿ, ಮನೆಯ ಯಾವ ಭಾಗದಲ್ಲಿ ಯಾವ ಕೆಲಸ ನಡೆಯುತ್ತಿತ್ತೆಂಬುದನ್ನು ತಿಳಿಯುವ ಪ್ರಯತ್ನ ನಡೆದಿದೆ. ಇವುಗಳ ಜೊತೆಯಲ್ಲಿ ಚೀನಾದ ಪಿಂಗಾಣಿಯ ಚೂರುಗಳೂ ದೊರೆತಿವೆ. ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ನಡೆಯುತ್ತಿದ್ದ ಕಡಲ ವ್ಯಾಪಾರದ ಸರಕು ಈ ಮನೆಗಳ ಒಳಗೆ ತಲುಪಿತ್ತೆಂಬುದಕ್ಕೆ ಇದು ನಿದರ್ಶನ. ಹಂಪಿಯ ಉತ್ಖನನಗಳಲ್ಲಿ ದೊರೆತ ಗಾರೆಶಿಲ್ಪ ಮತ್ತು ಪಿಂಗಾಣಿಯ ಮಾದರಿಗಳನ್ನು ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಗಿದೆ.

ವಿದೇಶಿ ಪ್ರವಾಸಿಗರ ವಿವರಣೆಗಳು

1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ನಗರದ ಏಳು ಸುತ್ತಿನ ಕೋಟೆಯನ್ನೂ ಅರಮನೆಯ ಬಳಿಯ ಕಚೇರಿ ಮಂಟಪವನ್ನೂ ವರ್ಣಿಸಿದ್ದಾನೆ. 16ನೆಯ ಶತಮಾನದ ಆರಂಭದ ಪೋರ್ಚುಗೀಸ್ ಲೇಖಕ ಬಾರ್ಬೋಸ ಅರಸನ ಮತ್ತು ದೊಡ್ಡ ಪ್ರಭುಗಳ ಅರಮನೆಗಳಲ್ಲಿ ಹಲವು ಅಂಗಳಗಳಿದ್ದವೆಂದೂ, ಉಳಿದ ಜನರ ಮನೆಗಳು ಹುಲ್ಲು ಹೊದಿಸಿದವಾದರೂ ಅಚ್ಚುಕಟ್ಟಾಗಿದ್ದು ಕಸುಬಿಗನುಸಾರವಾಗಿ ಉದ್ದನೆಯ ಬೀದಿಗಳಲ್ಲಿದ್ದವೆಂದೂ ತಿಳಿಸುತ್ತಾನೆ.

ಮನೆಯ ಒಳಭಾಗದ ಬಗ್ಗೆ ಹೆಚ್ಚಿನ ವಿವರ ನೀಡಿದವನು 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್. ಕೃಷ್ಣದೇವರಾಯನ ಅರಮನೆಯ ಒಂದು ಭಾಗವನ್ನು ನೋಡುವ ಅವಕಾಶ ಅವನಿಗೆ ಮತ್ತು ಅವನ ಸಂಗಡಿಗರಿಗೆ ದೊರೆಯಿತು. ಗೋಡೆ, ಕಂಬ, ಅಡ್ಡತೊಲೆಗಳೆಲ್ಲ ದಂತದ ಕೆಲಸದಿಂದ ಕೂಡಿದ, ಗುಲಾಬಿ ಮತ್ತು ಕಮಲದ ಹೂಗಳನ್ನು ಕೆತ್ತಿದ ಕೋಣೆಯೊಂದನ್ನು ಆತ ಉಲ್ಲೇಖಿಸುತ್ತಾನೆ. ರಾಣಿವಾಸದವರು ಬೇರೆ ದೇಶದವರ ಜೀವನಕ್ರಮವನ್ನು ತಿಳಿಯಲೆಂದು ಗೋಡೆಯ ಮೇಲೆ ಪೋರ್ಚುಗೀಸರ ಚಿತ್ರಗಳನ್ನೂ ಬಿಡಿಸಲಾಗಿತ್ತೆಂದೂ, ನೃತ್ಯ ಕಲಿಸುವ ಶಾಲೆಯಿತ್ತೆಂದೂ ಹೇಳುತ್ತಾನೆ. ಇದು ಅರಸನ ಮನೆಯ ವರ್ಣನೆ. ಗಣ್ಯರ ಮನೆಗಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಇಂದು ಬೋಳಾಗಿ ಕಾಣುವ ಅಧಿಷ್ಠಾನಗಳ ಮೇಲೆ ಎಂತಹ ಮರಗೆಲಸ ಮತ್ತು ಬಣ್ಣದ ಲೋಕ ಇದ್ದಿರಬಹುದೆಂಬ ಕಲ್ಪನೆಯನ್ನು ಇದು ನೀಡುತ್ತದೆ.

ಉಳಿದಿರುವ ಕಟ್ಟಡಗಳೊಂದಿಗೆ ಹೋಲಿಕೆ

ಕಮಲ ಮಹಲ್, ಗಜಶಾಲೆ, ರಾಣಿಯ ಸ್ನಾನಗೃಹ ಮತ್ತು ಕಾವಲುಗೋಪುರಗಳು ಹೆಚ್ಚುಕಡಿಮೆ ಪೂರ್ಣವಾಗಿ ಉಳಿದಿವೆ. ಕಲ್ಲು, ಇಟ್ಟಿಗೆ ಮತ್ತು ಗಾರೆಯ ಕಟ್ಟೋಣದಲ್ಲಿ ಕಮಾನು, ಗುಮ್ಮಟಗಳಿಂದ ಮಾಳಿಗೆಯನ್ನು ಮುಚ್ಚುವ ತಂತ್ರವನ್ನು ಇಲ್ಲಿ ಬಳಸಲಾಗಿದೆ. ಈ ತಂತ್ರ ಬಹಮನಿ ಮೊದಲಾದ ದಖನ್ನಿನ ಸುಲ್ತಾನರ ಕಟ್ಟಡಗಳಿಂದ ಬಂದಿತು. ಮಾಳಿಗೆಗೆ ಮರದ ಆಸರೆ ಬೇಕಿಲ್ಲದ್ದರಿಂದ ಬೆಂಕಿ ಇವುಗಳನ್ನು ಕೆಡವಲಿಲ್ಲ.

ಈ ಕಟ್ಟಡಗಳನ್ನು ವಾಸದ ಮನೆಗಳೆಂದು ತಿಳಿಯುವುದು ಸರಿಯಲ್ಲ. ಕಮಲ ಮಹಲ್‌ನ ಕೆಳ ಅಂತಸ್ತಿನ ಎಲ್ಲ ಬದಿಗಳೂ ತೆರೆದ ಕಮಾನುಗಳಿಂದ ಕೂಡಿವೆ; ಅದು ವಿಹಾರಕ್ಕೆ ಅಥವಾ ಸಭೆಗೆ ಒಪ್ಪುವ ಮಂಟಪ. ಅದೇ ಜನಾನಾ ಆವರಣದಲ್ಲಿ, ಅದಕ್ಕೆ ಸಮೀಪದಲ್ಲೇ, ಹಲವು ಹಂತಗಳ ವಿಶಾಲವಾದ ಅಧಿಷ್ಠಾನವೊಂದಿದೆ. ರಾಣಿಯ ಅರಮನೆಯೆಂದು ಕರೆಯಲಾಗುವ ಅದು ವಾಸದ ಕಟ್ಟಡದ ತಳಭಾಗ. ಮಂಟಪ ಪೂರ್ಣವಾಗಿ ಉಳಿದು ಅರಮನೆ ಅಳಿದಿರುವುದನ್ನು ಒಂದೇ ಆವರಣದಲ್ಲಿ ನೋಡಬಹುದಾದ್ದರಿಂದ, ವಿಜಯನಗರದ ಎರಡು ಬಗೆಯ ಕಟ್ಟಡಪದ್ಧತಿಗಳ ವ್ಯತ್ಯಾಸವನ್ನು ಅರಿಯಲು ವಿದ್ಯಾರ್ಥಿಗಳಿಗೆ ಇದು ಸೂಕ್ತ ಸ್ಥಳ.

ನಾಶ

1565ರ ಜನವರಿಯಲ್ಲಿ ನಡೆದ ರಕ್ಕಸಗಿ–ತಂಗಡಗಿ (ತಾಳಿಕೋಟೆ) ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದ ಬಳಿಕ ಅವನ ತಮ್ಮ ತಿರುಮಲನು ಪೆನುಕೊಂಡೆಗೆ ತೆರಳಿದನು. ರಕ್ಷಣೆಯಿಲ್ಲದ ರಾಜಧಾನಿ ತಿಂಗಳುಗಟ್ಟಲೆ ಲೂಟಿಗೆ ಒಳಗಾಯಿತು. ರಾಜಕೇಂದ್ರದ ಉತ್ಖನನಗಳಲ್ಲಿ ದೊರೆತ ಇದ್ದಿಲು ಮತ್ತು ಬೂದಿ ಮರದ ಕಟ್ಟಡಗಳು ಬೆಂಕಿಗೆ ಆಹುತಿಯಾದುದನ್ನು ಸೂಚಿಸುತ್ತವೆ.

ಆದರೆ ಎಲ್ಲ ಮನೆಗಳೂ ಆಗಲೇ ನೆಲಸಮವಾದವೆಂದು ಹೇಳಲಾಗದು. 1567ರಲ್ಲಿ ಇಲ್ಲಿಗೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ನಗರ ಪೂರ್ತಿಯಾಗಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಅವು ಬರಿದಾಗಿವೆ ಎಂದು ಬರೆದನು. ಮನೆಗಳ ಗೋಡೆಗಳು ಮಣ್ಣಿನವು, ರಾಮರಾಯ ಮತ್ತು ಅವನ ಇಬ್ಬರು ತಮ್ಮಂದಿರ ಅರಮನೆಗಳು ಹಾಗೂ ದೇವಾಲಯಗಳು ಮಾತ್ರ ಸುಣ್ಣ ಮತ್ತು ಉತ್ತಮ ಕಲ್ಲಿನವು ಎಂಬ ಅವನ ಮಾತು ಗಮನಾರ್ಹ. ಮಾಳಿಗೆ ಕಳೆದುಕೊಂಡ ಮಣ್ಣಿನ ಗೋಡೆ ಮಳೆಗೆ ಹೆಚ್ಚು ಕಾಲ ನಿಲ್ಲದು. ಲೂಟಿ ಮತ್ತು ಬೆಂಕಿ ಆರಂಭಿಸಿದ ನಾಶವನ್ನು ಮಳೆ, ಗಿಡಗಂಟಿಗಳು ಹಾಗೂ ಬಿದ್ದ ಮನೆಗಳ ಕಲ್ಲುಗಳ ಮರುಬಳಕೆ ಪೂರ್ಣಗೊಳಿಸಿದವು. ಕುಸಿದ ಗೋಡೆಗಳ ಮಣ್ಣೇ ಕೆಳಗಿನ ಅಧಿಷ್ಠಾನಗಳನ್ನು ಮುಚ್ಚಿ ಶತಮಾನಗಳ ಕಾಲ ಕಾಪಾಡಿತು.

ಸಂಶೋಧನೆ ಮತ್ತು ಉತ್ಖನನ

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಗೆ ಭೇಟಿ ನೀಡಿ ಅವಶೇಷಗಳ ನಕ್ಷೆ ಮಾಡಿಸಿದನು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳು ಆ ಕಾಲದ ಸ್ಥಿತಿಯನ್ನು ದಾಖಲಿಸಿವೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ ಗ್ರಂಥದ ಮೂಲಕ ಪಾಯಸ್ ಮತ್ತು ನ್ಯೂನಿಜ್ ಬರಹಗಳು ಇಂಗ್ಲಿಷ್ ಬಲ್ಲ ಓದುಗರಿಗೆ ಲಭ್ಯವಾದವು. ಎ. ಎಚ್. ಲಾಂಗ್‌ಹರ್ಸ್ಟ್ 1917ರಲ್ಲಿ ‘ಹಂಪಿ ರುಯಿನ್ಸ್’ ಪ್ರಕಟಿಸಿದರು. ಅಂದಿನ ಗಮನ ಮುಖ್ಯವಾಗಿ ನೆಲದ ಮೇಲೆ ಕಾಣುವ ಕಟ್ಟಡಗಳ ಮೇಲಿತ್ತು.

1970ರ ದಶಕದ ನಡುಭಾಗದಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ ಮತ್ತು ಕರ್ನಾಟಕದ ಪುರಾತತ್ತ್ವ ಇಲಾಖೆಗಳು ರಾಜಕೇಂದ್ರದ ವಿವಿಧ ಭಾಗಗಳಲ್ಲಿ ವ್ಯಾಪಕ ಉತ್ಖನನ ಕೈಗೊಂಡವು. ಗಣ್ಯರ ಅರಮನೆಗಳು ಬಯಲಾದದ್ದು ಈ ಹಂತದಲ್ಲಿ. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ನೇತೃತ್ವದ ತಂಡ ಪ್ರತಿಯೊಂದು ಅವಶೇಷವನ್ನೂ ಅಳೆದು ನಕ್ಷೆಗಳಲ್ಲಿ ದಾಖಲಿಸಿತು. ಅಧಿಷ್ಠಾನಗಳನ್ನು ಒಂದರೊಡನೊಂದು ಹೋಲಿಸಿ ‘ಅರಮನೆ’ ಎಂಬ ಕಟ್ಟಡಪ್ರಕಾರವನ್ನು ನಿರೂಪಿಸಲು ಈ ನಕ್ಷೆಗಳಿಂದ ಸಾಧ್ಯವಾಯಿತು.

ನಂತರದ ಕಾಲದ ಅರಮನೆಗಳು

ವಿಜಯನಗರ ಕಾಲದ ಅರಮನೆಯೊಂದು ಮಾಳಿಗೆಯವರೆಗೂ ಹೇಗಿತ್ತೆಂಬುದನ್ನು ನೋಡಲು ಇಂದಿನ ಆಂಧ್ರಪ್ರದೇಶಕ್ಕೆ ಹೋಗಬೇಕು. ಪೆನುಕೊಂಡೆಯ ಗಗನ ಮಹಲ್ ಹಾಗೂ ತಿರುಪತಿ ಸಮೀಪದ ಚಂದ್ರಗಿರಿಯ ಮೂರು ಅಂತಸ್ತಿನ ರಾಜಮಹಲ್ ಇಂದಿಗೂ ನಿಂತಿವೆ. ರಾಜಮಹಲ್‌ನಲ್ಲಿ ಈಗ ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಕಲ್ಲು, ಇಟ್ಟಿಗೆ, ಗಾರೆಗಳಿಂದ ಕಟ್ಟಿ ಮರದ ಬಳಕೆಯನ್ನು ಬಿಟ್ಟಿರುವುದೇ ಅದರ ಉಳಿವಿಗೆ ಕಾರಣ. ಹಂಪಿಗೆ ಎದುರಾಗಿ ತುಂಗಭದ್ರೆಯ ಉತ್ತರ ದಡದಲ್ಲಿರುವ ಆನೆಗೊಂದಿಯಲ್ಲಿಯೂ ಗಗನ ಮಹಲ್ ಎಂಬ ಕಟ್ಟಡವಿದೆ.

ಸಂರಕ್ಷಣೆ

ಹಂಪಿಯ ಸ್ಮಾರಕ ಸಮೂಹವನ್ನು ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿತ್ತು. ಪ್ರದೇಶದ ನಿರ್ವಹಣೆಗಾಗಿ 2002ರ ಕಾಯಿದೆಯ ಅನ್ವಯ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು.

ಉತ್ಖನನದ ನಂತರ ಅಧಿಷ್ಠಾನಗಳಿಗೆ ಹೊಸ ಅಪಾಯಗಳು ಎದುರಾಗುತ್ತವೆ. ಮಣ್ಣಿನ ಹೊದಿಕೆ ಹೋದ ಮೇಲೆ ಗಾರೆ ನೆಲ ಬಿಸಿಲು ಮಳೆಗೆ ಬಿರುಕುಬಿಡುತ್ತದೆ, ಗಿಡಗಳ ಬೇರು ಹಾಸುಗಲ್ಲುಗಳನ್ನು ಸಡಿಲಿಸುತ್ತದೆ, ಒಳಗಿನ ತುಂಬುಮಣ್ಣು ಸೋರಿ ಜಗತಿ ಕುಸಿಯುತ್ತದೆ. ಪಾದಗಲ್ಲೊಂದು ತನ್ನ ಸ್ಥಳದಿಂದ ಅಲುಗಿದರೆ ಅಲ್ಲಿ ಕಂಬವಿತ್ತೆಂಬ ಸಾಕ್ಷ್ಯವೂ ಕಳೆದುಹೋಗುತ್ತದೆ. ದೇವಾಲಯದ ಕಲ್ಲು ಬಿದ್ದರೆ ಉಳಿದ ಕಟ್ಟಡವನ್ನು ನೋಡಿ ಅದನ್ನು ಮತ್ತೆ ಕೂಡಿಸಬಹುದು. ಈ ಮನೆಗಳಲ್ಲಿ ನೆಲವೇ ಉಳಿದಿರುವ ಏಕೈಕ ದಾಖಲೆಯಾದ್ದರಿಂದ, ಅಧಿಷ್ಠಾನಗಳ ಮೇಲೆ ಹತ್ತದೆ, ಬಿಡಿಗಲ್ಲುಗಳನ್ನು ಸರಿಸದೆ ನೋಡುವುದು ಸಂರಕ್ಷಣೆಯ ದೃಷ್ಟಿಯಿಂದ ಮುಖ್ಯ.

ತಲುಪುವ ಮಾರ್ಗ

ಹತ್ತಿರದ ರೈಲು ನಿಲ್ದಾಣ ಹೊಸಪೇಟೆ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ. ದೂರದಲ್ಲಿದೆ. ಹೊಸಪೇಟೆಯಿಂದ ಕಮಲಾಪುರದ ಮೂಲಕ ರಾಜಕೇಂದ್ರವನ್ನು ತಲುಪಬಹುದು. ಮೊದಲು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ಹಂಪಿಯ ಪ್ರತಿಕೃತಿಯನ್ನು ನೋಡಿದರೆ ಅವಶೇಷಗಳ ವಿನ್ಯಾಸವನ್ನು ಗ್ರಹಿಸುವುದು ಸುಲಭವಾಗುತ್ತದೆ.

ಇವನ್ನೂ ನೋಡಿ

ವಿಜಯನಗರ ಸಾಮ್ರಾಜ್ಯ
ಮಹಾನವಮಿ ದಿಬ್ಬ
ಹಜಾರರಾಮ ದೇವಾಲಯ
ಕಮಲ ಮಹಲ್
ಆನೆಗೊಂದಿ
ಚಂದ್ರಗಿರಿ ಕೋಟೆ